ಹಸನಬ್ಬ ರುಜು ಹಾಕದ ಕಾಗದ

ಹಸನಬ್ಬ ಕರೆಂಟಿನ ಕೆಲಸ ಮಾಡುವಾಗ ಎಡಗೈಯನ್ನು ಬೆನ್ನ ಹಿಂದೆ, ಸೊಂಟದ ಅಗಲ ಬೆಲ್ಟಿಗೆ ಸಿಕ್ಕಿಸಿಕೊಳ್ಳುತ್ತಿದ್ದರು. ಮೊದಲ ಸಲ ನೋಡಿದವರು ಅವರ ಎಡಗೈಗೆ ಬಲವಿಲ್ಲ ಎಂದೇ ತಿಳಿಯುತ್ತಿದ್ದರು. ನಾನೂ ಹಾಗೆಯೇ ತಿಳಿದಿದ್ದೆ. ಏಣಿಗೆ ಮೊಣಕಾಲು ಒತ್ತಿ ನಿಂತು, ಒಂದೇ ಕೈಯಲ್ಲಿ ಸ್ಕ್ರೂ ತಿರುಗಿಸಿ, ಒಂದೇ ಕೈಯಲ್ಲಿ ಫ್ಯೂಸು ಕಳಚುವ ಆ ನಲವತ್ತರ ಗಂಡಸನ್ನು ಕಂಡು ಪಾಪ ಅನಿಸಿತ್ತು. ಫ್ಯೂಸು ಕಳಚಿ, ತಂತಿಯಲ್ಲಿ ಏನೂ ಇಲ್ಲ ಎಂದು ಖಾತ್ರಿಯಾದ ಮೇಲೆ ಎಡಗೈ ಬೆಲ್ಟಿನಿಂದ ಹೊರಗೆ ಬಂತು. ನೋಡಿದರೆ ಬಲಗೈಗಿಂತ ಅದೇ ಚುರುಕು.

"ಎರಡು ಕೈಯಲ್ಲಿ ಮುಟ್ಟಿದ್ರೆ ಅದು ಎದೆಯ ಮೇಲಾಗಿ ಹೋಗ್ತದೆ ರೈಟ್ರೆ," ಎಂದು ಆಮೇಲೊಮ್ಮೆ ನನಗೆ ಹೇಳಿದರು. "ಒಂದು ಕೈ ಸುಟ್ರೆ ಸುಡ್ಲಿ. ಇನ್ನೊಂದು ಉಂಟು. ಎದೆ ಇರುದು ಒಂದೇ."

ನಾನು ಆಗ ಆಲಂಕಾರಿನ ಒಂದು ಅಕ್ಕಿ ಮಿಲ್ಲಿನಲ್ಲಿ ರೈಟರು, ಅಂದರೆ ಗುಮಾಸ್ತ. ಮನೆ ಪಕ್ಕದ ರಾಮಕುಂಜದಲ್ಲಿ. ಅರವತ್ತರ ದಶಕದ ಮೊದಲ ವರ್ಷಗಳು. ಅದುವರೆಗೆ ಆಯಿಲ್ ಇಂಜಿನಿನಲ್ಲಿ ಓಡುತ್ತಿದ್ದ ಮಿಲ್ಲಿಗೆ ಕರೆಂಟಿನ ಮೋಟಾರು ಹಾಕಿಸಬೇಕೆಂದು ಧಣಿಗಳು ನಿಶ್ಚಯ ಮಾಡಿ ಕಡಬದಿಂದ ಹಸನಬ್ಬರನ್ನು ಕರೆಸಿದ್ದರು. ನಾವೆಲ್ಲ ಅವರನ್ನು ಬರಿ ಹೆಸರು ಹಿಡಿದೇ ಕರೆಯುತ್ತಿದ್ದೆವು. ಧಣಿಗಳು ‘ನೀನು’ ಅನ್ನುತ್ತಿದ್ದರು. ಈಗ ಬರೆಯಲು ಕೂತರೆ ನನಗೆ ಏಕವಚನ ಬರುತ್ತಿಲ್ಲ.

ಅವರ ಮನೆಮಾತು ನಮ್ಮ ಕಡೆಯ ಮುಸ್ಲಿಮರ ಬ್ಯಾರಿ. ಮಿಲ್ಲಿನ ಹೆಂಗಸರ ಹತ್ತಿರ ತುಳು, ನನ್ನ ಹತ್ತಿರ ಕನ್ನಡ. ಅಳತೆ ಹಿಡಿಯುವಾಗ ಮಾತ್ರ ತುಟಿಯೊಳಗೆ ಬ್ಯಾರಿಯಲ್ಲೇ ಎಣಿಸುತ್ತಿದ್ದರು. ಕೆಲಸ ಕಲಿತದ್ದು ಮಂಗಳೂರಲ್ಲಿ, ಒಬ್ಬ ಕ್ರಿಶ್ಚಿಯನ್ ಮೇಸ್ತ್ರಿಯ ಕೈಕೆಳಗೆ. ಮಾತು ಕಡಿಮೆ, ನಗು ಇನ್ನೂ ಕಡಿಮೆ.

ಹೆಗಲಿಗೆ ಒಂದು ಕ್ಯಾನ್‌ವಾಸಿನ ಚೀಲ. ಅವರ ಹೆಂಡತಿ ಬೀಪಾತುಮ್ಮ ಅದರ ಒಳಗೆ ದಪ್ಪ ಬಟ್ಟೆಯಲ್ಲಿ ಸಾಲಾಗಿ ಕಿಸೆಗಳನ್ನು ಹೊಲಿದುಕೊಟ್ಟಿದ್ದರು. ಯಾವ ಕಿಸೆಯಲ್ಲಿ ಯಾವ ಹತ್ಯಾರು ಎಂಬುದು ಎಂದೂ ಬದಲಾಗುತ್ತಿರಲಿಲ್ಲ. ಏಣಿಯ ಮೇಲೆ ನಿಂತು, ಕಣ್ಣು ತಂತಿಯ ಮೇಲಿಟ್ಟುಕೊಂಡು ಕೈ ಹಾಕಿದರೆ ಬೇಕಾದದ್ದೇ ಸಿಗಬೇಕು. ಕಟಿಂಗ್ ಪ್ಲಯರಿನ ಎರಡೂ ಹಿಡಿಗೆ ಸೈಕಲ್ ಟ್ಯೂಬು ಸುತ್ತಿತ್ತು. ಮರದ ಹಿಡಿಯ ಮೂರು ಸ್ಕ್ರೂ ಡ್ರೈವರುಗಳಿಗೆ ಉದ್ದಕ್ಕೂ ರಬ್ಬರು ಕೊಳವೆ ಹಾಕಿ ತುದಿಯನ್ನಷ್ಟೇ ಬರಿದು ಬಿಟ್ಟಿದ್ದರು. ವಯರಿನ ಸಿಪ್ಪೆ ಸುಲಿಯಲು ಇದ್ದದ್ದು ಮೊಂಡು ಚೂರಿ. ಹರಿತದ ಚೂರಿ ಬಳಸುವ ವಯರ್‌ಮ್ಯಾನ್‌ಗಳನ್ನು ಕಂಡರೆ ಅವರಿಗೆ ಆಗುತ್ತಿರಲಿಲ್ಲ. ಸಿಪ್ಪೆಯ ಜತೆ ತಾಮ್ರಕ್ಕೂ ಗಾಯವಾಗುತ್ತದೆ, ಗಾಯವಾದ ತಂತಿ ಯಾವತ್ತೋ ಒಂದು ದಿನ ಅಲ್ಲೇ ತುಂಡಾಗುತ್ತದೆ ಎಂದು ಅವರ ವಾದ. ಮರದ ಪಟ್ಟಿಗೆ ತೂತು ಕೊರೆಯುವ ಬೈರಿಗೆ, ಸ್ಕ್ರೂ ಕೂರುವ ಜಾಗ ಮೊದಲೇ ಚುಚ್ಚಿಕೊಳ್ಳಲು ದಬ್ಬಣದಂಥ ಪೋಕರು, ಸುತ್ತಿಗೆ, ಉಳಿ, ಗೋಡೆಗೆ ಗೆರೆ ಹೊಡೆಯಲು ನೀಲಿಪುಡಿ ಹಚ್ಚಿದ ನೂಲು, ತೂಕದ ಗುಂಡು. ಮತ್ತೆ ಒಂದು ಜೋಡಿ ರಬ್ಬರು ಕೈಗವಸು. ಅದನ್ನು ತೊಡುವ ಮೊದಲು ಬಾಯಿ ಕಡೆಯಿಂದ ಸುರುಳಿ ಸುತ್ತಿ, ಒಳಗೆ ಗಾಳಿ ಸಿಕ್ಕಿಸಿ, ಉಬ್ಬಿದ ಬೆರಳುಗಳನ್ನು ಕೆನ್ನೆಯ ಹತ್ತಿರ ಹಿಡಿಯುತ್ತಿದ್ದರು. ಸೂಜಿಮೊನೆಯಷ್ಟು ತೂತಿದ್ದರೂ ಕೆನ್ನೆಗೆ ಗಾಳಿ ತಾಗುತ್ತದಂತೆ. ದಿನಕ್ಕೆ ನಾಲ್ಕು ಸಲ ತೊಟ್ಟರೆ ನಾಲ್ಕು ಸಲವೂ ಇದೇ ಕ್ರಮ.

ಎಲ್ಲಕ್ಕಿಂತ ದೊಡ್ಡ ಶಾಸ್ತ್ರ ಟೆಸ್ಟರಿನದು. ತಂತಿಗೆ ಮುಟ್ಟಿಸಿದರೆ ಹಿಡಿಯೊಳಗಿನ ಸಣ್ಣ ಬಲ್ಬು ಕೆಂಪಗೆ ಹೊತ್ತುವ ಆ ಸ್ಕ್ರೂ ಡ್ರೈವರನ್ನು ನಾವು ಅದುವರೆಗೆ ಕಂಡಿರಲಿಲ್ಲ, ನಮಗೆಲ್ಲ ಅದೊಂದು ಸೋಜಿಗ. ಹಸನಬ್ಬ ಮೊದಲು ಕರೆಂಟ್ ಇದೆಯೆಂದು ಗೊತ್ತಿರುವ ಜಾಗಕ್ಕೆ ಟೆಸ್ಟರು ಮುಟ್ಟಿಸಿ, ಹೊತ್ತಿತೇ ನೋಡುತ್ತಿದ್ದರು. ಆಮೇಲೆ ಕೆಲಸ ಮಾಡಬೇಕಾದ ತಂತಿಗೆ ಮುಟ್ಟಿಸಿ, ಹೊತ್ತಲಿಲ್ಲವೇ ನೋಡುತ್ತಿದ್ದರು. ಅಷ್ಟಕ್ಕೆ ಬಿಡದೆ ಏಣಿ ಇಳಿದು ಹೋಗಿ, ಮೊದಲಿನ ಜಾಗಕ್ಕೇ ಮತ್ತೊಮ್ಮೆ ಮುಟ್ಟಿಸಿ ಹೊತ್ತುತ್ತದೆ ಎಂದು ನೋಡಿ ಬಂದ ಮೇಲೆಯೇ ಎಡಗೈ ಹೊರಗೆ ಬರುವುದು. ಹೆಂಗಸರು ಇದನ್ನು ನೋಡಿ ನಗುತ್ತಿದ್ದರು. ಅವರಲ್ಲಿ ಮುಂದಾಳು ಬಾಗಿ. ಇಪ್ಪತ್ತೈದರ ಆಸುಪಾಸಿನವಳು, ಅಕ್ಕಿ ಬೀಳುವಲ್ಲಿ ತೌಡು ಗುಡಿಸುವ ಕೆಲಸ ಅವಳದು. ಮನೆಯಲ್ಲಿ ಗಂಡ ಅಂಗಾರ, ನಾಲ್ಕು ವರ್ಷದ ಮಗಳು.

"ಬ್ಯಾರಿಗಳೇ, ನಿಮ್ಮ ಕೈ ಕಟ್ಟಿ ಹಾಕಿದ್ದು ಯಾರು?" ಎಂದು ಅವಳು ತುಳುವಿನಲ್ಲಿ ಕೇಳಿದಳು.

"ನಾನೇ," ಎಂದರು ಹಸನಬ್ಬ. "ನೀನು ಈ ಮೋಟಾರಿನ ಹತ್ತಿರ ಬರುವಾಗ ನಿನ್ನ ಎರಡೂ ಕೈ ಕಟ್ಟಿಕೋ."

ಅವಳು ನಕ್ಕಳು. ಅವರು ನಗಲಿಲ್ಲ.

ಒಂದು ಮಧ್ಯಾಹ್ನ ಊಟ ಮುಗಿಸಿ ಕೂತಿದ್ದಾಗ, ಟೆಸ್ಟರಿನ ವಿಷಯಕ್ಕೆ ಯಾಕಿಷ್ಟು ಹಠ ಎಂದು ನಾನು ಕೇಳಿದೆ. ತಮಾಷೆಗೆ ಕೇಳಿದ್ದು. ಅವರು ಬುತ್ತಿಯ ಪಾತ್ರೆ ತೊಳೆದು ಕವುಚಿಟ್ಟು ಹೇಳಿದರು.

ಅವರಿಗೆ ಅದ್ರಾಮ ಎಂಬ ತಮ್ಮ ಇದ್ದ. ಅಣ್ಣನ ಜತೆಯಲ್ಲೇ ವಯರಿಂಗ್ ಮಾಡುತ್ತಿದ್ದ. ಮದುವೆ ನಿಶ್ಚಯವಾಗಿತ್ತು. ಸುಳ್ಯದ ಹತ್ತಿರ ಅಜ್ಜಾವರದಲ್ಲಿ ಮರ ಕೊಯ್ಯುವ ಒಂದು ಶೆಡ್ಡಿನಲ್ಲಿ ಕೆಲಸ. ಮೈನ್ ತೆಗೆದಿದ್ದೇವೆ, ಕರೆಂಟ್ ಇಲ್ಲ ಎಂದು ಶೆಡ್ಡಿನವರು ಹೇಳಿದ್ದರು. ಹಸನಬ್ಬ ತಂತಿಗೆ ಟೆಸ್ಟರು ಮುಟ್ಟಿಸಿದರು. ಹೊತ್ತಲಿಲ್ಲ.

"ಅವ ಏಣಿಯಲ್ಲಿ ನಿಂತು ನನ್ನ ಬಾಯಿ ನೋಡ್ತಾ ಇದ್ದ. ‘ಇಲ್ಲ, ಹಿಡಿ’ ಹೇಳಿದೆ. ನಾನೇ ಹೇಳಿದ್ದು. ಟೆಸ್ಟರಿನ ಬಲ್ಬು ಸತ್ತಿತ್ತು ರೈಟ್ರೆ, ತಂತಿ ಸತ್ತಿರಲಿಲ್ಲ. ಅವ ಎರಡೂ ಕೈಯಲ್ಲಿ ಹಿಡ್ದ. ಬೊಬ್ಬೆ ಕೂಡ ಹಾಕ್ಲಿಲ್ಲ. ಬೊಬ್ಬೆ ಹಾಕ್ಲಿಕ್ಕೆ ಅದು ಬಿಡುದಿಲ್ಲ. ನಾನು ಏಣಿಗೆ ಒದ್ದೆ. ಬಿದ್ದ. ಮತ್ತೆ ಏಳ್ಲಿಲ್ಲ."

ಆ ಟೆಸ್ಟರನ್ನು ಪಯಸ್ವಿನಿ ಹೊಳೆಗೆ ಎಸೆದು ಊರಿಗೆ ಬಂದರಂತೆ. ಎರಡು ವರ್ಷ ಕರೆಂಟಿನ ಕೆಲಸ ಮುಟ್ಟಲಿಲ್ಲ. ಆಮೇಲೆ ಬೇರೆ ಕಸುಬು ಗೊತ್ತಿಲ್ಲದ್ದಕ್ಕೆ ಮತ್ತೆ ಹಿಡಿದರು.

"ಉಮ್ಮ ಇದ್ದಷ್ಟು ದಿನ ನನ್ನ ಹತ್ತಿರ ಒಂದು ಮಾತು ಕೇಳ್ಲಿಲ್ಲ," ಎಂದು ತಾಯಿಯನ್ನು ನೆನೆದರು. "ಕೇಳಿದ್ದಿದ್ರೆ ಒಳ್ಳೇದಿತ್ತು."

ಮಿಲ್ಲಿನ ಕೆಲಸ ಒಂದು ತಿಂಗಳು ನಡೆಯಿತು. ದೀಪಗಳಿಗೆ ಕರೆಂಟ್ ಮೊದಲೇ ಬಂದಿತ್ತು. ಮೋಟಾರಿಗೆ ಕೊಡಬೇಕಾದರೆ ಎಲ್ಲ ಸರಿಯುಂಟೆಂದು ವಯರ್‌ಮ್ಯಾನ್ ರುಜು ಹಾಕಿದ ಟೆಸ್ಟ್ ರಿಪೋರ್ಟ್ ಆಫೀಸಿಗೆ ಹೋಗಬೇಕು. ಅಲ್ಲಿ ತಕರಾರು ಶುರುವಾಯಿತು. ತಕರಾರು ಅರ್ಥಿಂಗಿನದು. ಮೋಟಾರಿನ ಒಳಗೆ ಎಲ್ಲೋ ಸಿಪ್ಪೆ ಸುಲಿದು ಅದರ ಮೈಗೆ ಕರೆಂಟ್ ಬಂದರೆ, ಅದು ಮುಟ್ಟಿದವರ ಮೈಯಿಂದ ಹೋಗದೆ ಒಂದು ದಪ್ಪ ತಂತಿಯಲ್ಲಿ ನೆಲಕ್ಕೆ ಇಳಿಯಬೇಕು. ಅದಕ್ಕಾಗಿ ಗುಂಡಿ ತೋಡಿ, ಇದ್ದಿಲು, ಉಪ್ಪು ಹಾಕಿ, ಲೋಹದ ತಗಡು ಹೂತಿರುತ್ತಾರೆ. ನಮ್ಮ ಮಿಲ್ಲು ಇದ್ದದ್ದು ಮುರಕಲ್ಲಿನ ಗುಡ್ಡೆಯ ಮೇಲೆ. ಮಿಲ್ಲಿನ ಹಿಂದೆ ಗುಂಡಿ ತೋಡಿದರೆ ಮೂರು ಅಡಿಗೆ ಬರಿ ಕಲ್ಲು, ಒಂದು ಹನಿ ಪಸೆಯಿಲ್ಲ.

ಹಸನಬ್ಬ ನನ್ನನ್ನು ಕರೆದು ತೋರಿಸಿದರು. ಹೋಲ್ಡರಿಗೆ ಹಾಕಿದ ಒಂದು ಬಲ್ಬು, ಅದರಿಂದ ಎರಡು ತುಂಡು ವಯರು. ಅವರ ಚೀಲದಲ್ಲಿ ಸದಾ ಇರುತ್ತಿದ್ದ ಟೆಸ್ಟ್ ಲ್ಯಾಂಪು. ಒಂದು ವಯರನ್ನು ಕರೆಂಟಿಗೆ, ಇನ್ನೊಂದನ್ನು ಗುಂಡಿಯಿಂದ ಬಂದ ತಂತಿಗೆ ಮುಟ್ಟಿಸಿದರು. ಬಲ್ಬು ಆರಿಹೋಗುವ ಕೆಂಡದ ಹಾಗೆ ಕೆಂಪಗಾಗಿ ನಿಂತಿತು.

"ನೋಡಿದ್ರಲ್ಲ? ಇದು ಬೆಳ್ಳಗೆ ಉರಿಯಬೇಕು. ಈಗ ಮಳೆ ಹೋಗಿ ತಿಂಗಳಾಗ್ಲಿಲ್ಲ, ಆಗಲೇ ಹೀಗೆ. ಏಪ್ರಿಲಿಗೆ ಇಷ್ಟೂ ಇರುದಿಲ್ಲ."

ಅವರು ಬೇರೆ ಜಾಗ ಗುರುತಿಸಿದ್ದರು. ಭತ್ತ ನೆನೆಸುವ ತೊಟ್ಟಿಯ ನೀರು ಇಳಿದು ಹೋಗುವ ತಗ್ಗಿನ ಕಡೆ. ಅಲ್ಲಿ ವರ್ಷವಿಡೀ ಮಣ್ಣು ಒದ್ದೆ. ಆದರೆ ಅಲ್ಲೇ ಧಣಿಗಳು ಬೇಯಿಸಿದ ಭತ್ತ ಒಣಗಿಸಲು ಹೊಸದಾಗಿ ಸಿಮೆಂಟಿನ ಅಂಗಳ ಮಾಡಿಸಿದ್ದರು. ಅದನ್ನು ಒಡೆಯಬೇಕಿತ್ತು.

ಧಣಿಗಳು ಕೆಟ್ಟವರಲ್ಲ. ಆ ಅಂಗಳವನ್ನು ಮೇಸ್ತ್ರಿಯ ಜತೆ ಬಿಸಿಲಲ್ಲಿ ನಿಂತು ಮಾಡಿಸಿದವರು. ನೆಂಟರು ಬಂದರೆ ಮೊದಲು ಅದನ್ನೇ ತೋರಿಸುತ್ತಿದ್ದರು.

"ಈಗಷ್ಟೇ ಹಾಕಿದ್ದು ಹಸನಬ್ಬ. ಒಡೆದ್ರೆ ಬಿರುಕು ಬಿಡ್ತದೆ. ಬರುವ ವರ್ಷ ನೋಡುವ," ಎಂದರು.

"ಬರುವ ವರ್ಷ ರುಜು ಹಾಕ್ತೇನೆ," ಎಂದರು ಹಸನಬ್ಬ.

"ಊರಲ್ಲಿ ಎಷ್ಟು ಮಿಲ್ಲು ಉಂಟು. ಎಲ್ಲ ಕಡೆ ಹೀಗೇ ನೋಡ್ತಾರಾ?"

"ಗೊತ್ತಿಲ್ಲ ಧಣಿಗಳೇ. ನಾನು ನೋಡ್ತೇನೆ. ಇಲ್ಲಿ ಹೆಂಗಸರು ಬರಿಗಾಲಲ್ಲಿ ಒದ್ದೆ ನೆಲದಲ್ಲಿ ನಿಲ್ಲುದು."

ಅವರು ಹತ್ಯಾರುಗಳನ್ನು ಒಂದೊಂದಾಗಿ ಒರೆಸಿ ಚೀಲಕ್ಕೆ ಹಾಕಿ ಹೊರಟರು. ಕಾಗದ ಮೇಜಿನ ಮೇಲೆ ಹಾಗೆಯೇ ಉಳಿಯಿತು.

ಮರುದಿನ ಧಣಿಗಳು ಅದನ್ನು ನನ್ನ ಕೈಯಲ್ಲಿ ಕೊಟ್ಟು, ಪುತ್ತೂರಿನಲ್ಲಿ ಇಂಥವನೊಬ್ಬ ವಯರ್‌ಮ್ಯಾನ್ ಇದ್ದಾನೆ, ಹೋಗಿ ರುಜು ಹಾಕಿಸಿಕೊಂಡು ಬಾ ಎಂದರು. ನಾನು ಹೋದೆ. ಉಪ್ಪಿನಂಗಡಿಯ ಮೇಲಾಗಿ ಬಸ್ಸಿನಲ್ಲಿ ಹೋಗಿ, ಅವನ ಅಂಗಡಿಯ ಎದುರು ಅರ್ಧ ಗಂಟೆ ಕಾದೆ. ಅವನು ಮಿಲ್ಲು ಎಲ್ಲಿ ಎಂದು ಕೂಡ ಕೇಳದೆ ಪೆನ್ನು ತೆಗೆದು ಹಾಕಿದ. ಆ ಕೆಂಪು ಬಲ್ಬು ನನ್ನ ಕಣ್ಣ ಮುಂದೆ ಇತ್ತು. ನಾನು ಬರಿ ಕಾಗದ ಕೊಂಡುಹೋಗುವವನು, ನನಗೇನು ತಿಳಿಯುತ್ತದೆ ಎಂದುಕೊಂಡು, ಪುತ್ತೂರಿನಲ್ಲಿ ಕಾಫಿ ಕುಡಿದು ಬಸ್ಸು ಹತ್ತಿದೆ.

ಮೋಟಾರು ಓಡತೊಡಗಿ ಒಂದು ವಾರವಾಗಿರಬೇಕು. ಹಸನಬ್ಬ ಯಾರೂ ಕರೆಯದೆ ಬಂದರು. ಹೆಗಲಲ್ಲಿ ಚೀಲ, ತಲೆಯ ಮೇಲೆ ಮರದ ರೀಪುಗಳ ಒಂದು ಕಟ್ಟು. ಮೋಟಾರಿನ ಸುತ್ತ ಸೊಂಟದೆತ್ತರಕ್ಕೆ ಬೇಲಿಯಂತೆ ರೀಪು ಹೊಡೆದರು. ಬಾಗಿಯನ್ನು, ಉಳಿದ ಹೆಂಗಸರನ್ನು ಕರೆದು, ಇದರ ಒಳಗೆ ಯಾರೂ ಕೈ ಹಾಕಬಾರದು, ಗುಡಿಸುವುದಿದ್ದರೆ ಮೋಟಾರು ನಿಲ್ಲಿಸಿ, ಸ್ವಿಚ್ಚು ತೆಗೆದು ಗುಡಿಸಬೇಕು ಎಂದು ಮಕ್ಕಳಿಗೆ ಹೇಳುವಂತೆ ಎರಡೆರಡು ಸಲ ಹೇಳಿದರು. ನನ್ನ ಹತ್ತಿರ ಬಂದು, "ರುಜು ಯಾರು ಹಾಕಿದ್ರು ಕೇಳುದಿಲ್ಲ. ನೀವು ಈ ಬೇಲಿ ಒಂದು ನೋಡಿಕೊಳ್ಳಿ ರೈಟ್ರೆ," ಎಂದರು.

ನೋಡಿಕೊಳ್ಳುತ್ತೇನೆ ಎಂದೆ.

ಬೇಲಿ ಎರಡು ತಿಂಗಳು ಇತ್ತು. ತೌಡು ಅದರೊಳಗೆ ತುಂಬಿಕೊಂಡು ಮೋಟಾರಿನ ಮೇಲೆಲ್ಲ ಕೂರತೊಡಗಿತು. ಪ್ರತಿಸಲ ಮೋಟಾರು ನಿಲ್ಲಿಸಿ ಗುಡಿಸುತ್ತಾ ಕೂತರೆ ಕೆಲಸ ಸಾಗುವುದಿಲ್ಲ ಎಂದು ಧಣಿಗಳು ರೀಪು ಕೀಳಿಸಿದರು. ಕಿತ್ತ ರೀಪುಗಳು ಭತ್ತ ಬೇಯಿಸುವ ಒಲೆಗೆ ಹೋದವು. ನಾನು ಮೇಜಿನ ಹತ್ತಿರ ಕೂತು ನೋಡಿದೆ.

ಏಪ್ರಿಲ್ ಕೊನೆ. ಬೆಳಿಗ್ಗೆ ಹತ್ತು ಗಂಟೆ ದಾಟಿತ್ತು. ಬಾಗಿ ನೆನೆದ ಭತ್ತ ಹೊತ್ತು ಬಂದವಳು, ಒದ್ದೆ ಕಾಲಲ್ಲೇ ಹೋಗಿ ಮೋಟಾರಿನ ಮೇಲೆ ಕೂತ ತೌಡನ್ನು ಕೈಯಿಂದ ಸವರಿದಳು. ನಾನು ಅದನ್ನು ಕಾಣಲಿಲ್ಲ. ಒಬ್ಬ ಹೆಂಗಸು ನನ್ನ ಮೇಜಿನ ಹತ್ತಿರ ಓಡಿ ಬಂದು ಮೋಟಾರಿನ ಕಡೆ ಕೈ ತೋರಿಸಿದಳು. ನಾನು ಎದ್ದು ಹೋದಾಗ ಬಾಗಿ ಮೋಟಾರನ್ನು ತಬ್ಬಿದ ಹಾಗೆ ಬಾಗಿಕೊಂಡಿದ್ದಳು. ಮೋಟಾರು ಓಡುತ್ತಲೇ ಇತ್ತು. ಸ್ವಿಚ್ಚು ತೆಗೆಯಲು ನನ್ನ ಕೈ ಏಳಲಿಲ್ಲ. ಹಮಾಲಿಯೊಬ್ಬ ಗೋಣಿ ಸುತ್ತಿದ ಕೋಲಿನಿಂದ ಸ್ವಿಚ್ಚಿಗೆ ಹೊಡೆದು ನಿಲ್ಲಿಸಿದ. ಅವಳನ್ನು ಎತ್ತಿ ಹೊಸ ಅಂಗಳದಲ್ಲಿ ಮಲಗಿಸಿದೆವು. ಅಂಗಾರ ಬರುವಾಗ ಬಿಸಿಲು ಏರಿತ್ತು. ಯಾರೋ ಅವಳ ಮುಖದ ಮೇಲೆ ನೆರಳಿಗೆಂದು ಮೊರ ಇಟ್ಟಿದ್ದರು. ಅವನು ಅದನ್ನು ತೆಗೆದು ಪಕ್ಕಕ್ಕಿಟ್ಟು ಕೂತ.

ಹತ್ತು ದಿನದ ಮೇಲೆ ಮಂಗಳೂರಿನಿಂದ ಇನ್‌ಸ್ಪೆಕ್ಟರು ಬಂದರು. ಮಿಲ್ಲಿನ ಆಫೀಸಿನಲ್ಲೇ ವಿಚಾರಣೆ. ಧಣಿಗಳು, ಪುತ್ತೂರಿನ ವಯರ್‌ಮ್ಯಾನ್, ಹಸನಬ್ಬ, ನಾನು. ಇನ್‌ಸ್ಪೆಕ್ಟರು ಅರ್ಥಿಂಗ್ ಪರೀಕ್ಷೆ ಮಾಡಿ, ಇದು ಇದ್ದರೂ ಇಲ್ಲದ ಹಾಗೆಯೇ ಎಂದರು. ಪುತ್ತೂರಿನವನು, ತಾನು ನೋಡಿದಾಗ ಎಲ್ಲ ಸರಿ ಇತ್ತು, ಆಮೇಲೆ ಈ ಬ್ಯಾರಿ ಬಂದು ಮೋಟಾರಿನ ಹತ್ತಿರ ಏನೋ ಮಾಡಿದ್ದಾನೆ ಎಂದ. ಧಣಿಗಳು ಹೌದೆಂದು ತಲೆ ಅಲ್ಲಾಡಿಸಿದರು. ಇನ್‌ಸ್ಪೆಕ್ಟರು ನನ್ನ ಕಡೆ ತಿರುಗಿದರು.

"ರಿಪೋರ್ಟ್ ಆದ ಮೇಲೆ ಇವರು ಮೋಟಾರಿನ ಹತ್ತಿರ ಬಂದದ್ದು ಹೌದೋ?"

"ಹೌದು, ಬಂದಿದ್ದರು," ಎಂದೆ.

ಸುಳ್ಳಲ್ಲ. ಅಷ್ಟು ಹೇಳಿ ನಿಲ್ಲಿಸಿದೆ. ಯಾಕೆ ಬಂದಿದ್ದರು ಎಂದು ಅವರು ಕೇಳಲಿಲ್ಲ, ನಾನು ಹೇಳಲಿಲ್ಲ.

ಹಸನಬ್ಬ ನನ್ನನ್ನು ಒಂದು ಸಲ ನೋಡಿದರು. ಸಿಟ್ಟಿನ ನೋಟವಲ್ಲ. ಏಣಿ ಹತ್ತುವ ಮೊದಲು ಅದರ ಕಾಲು ಗಟ್ಟಿ ನಿಂತಿದೆಯೇ ಎಂದು ನೋಡುವ ಹಾಗೆ ನೋಡಿ, ಇನ್‌ಸ್ಪೆಕ್ಟರಿಗೆ, "ಬೇಲಿ ಹಾಕ್ಲಿಕ್ಕೆ ಬಂದದ್ದು ಸಾರ್," ಎಂದರು.

"ಎಲ್ಲಿ ಬೇಲಿ?"

ಬೇಲಿ ಎಲ್ಲಿತ್ತು? ಎಲ್ಲರೂ ಮೋಟಾರಿನ ಕಡೆ ನೋಡಿದರು. ಮುಂದಿನ ತಿಂಗಳು ಅವರ ವಯರ್‌ಮ್ಯಾನ್ ಪರ್ಮಿಟ್ ರದ್ದಾಯಿತು. ಒದ್ದೆ ಕೈಯಲ್ಲಿ ಸ್ವಿಚ್ಚು ಹಿಡಿದು ಸತ್ತಳು, ಬುದ್ಧಿ ಇಲ್ಲದ ಹೆಂಗಸು ಎಂದು ಊರಲ್ಲಿ ಮಾತಾಯಿತು. ಆ ಮಾತು ಎಲ್ಲಿಂದ ಹೊರಟಿತು ಎಂದು ನನಗೆ ಗೊತ್ತಿತ್ತು.

ಹೊಸ ಅರ್ಥಿಂಗ್ ಆಗದೆ ಮೋಟಾರು ಓಡಿಸಬಾರದು ಎಂದು ಹುಕುಂ ಆಗಿತ್ತು. ಪುತ್ತೂರಿನಿಂದ ಜನ ಬರುವುದು ತಡವಾಯಿತು. ಒಂದು ಬೆಳಿಗ್ಗೆ ಹಸನಬ್ಬ ಪಿಕಾಸಿ ಹಿಡಿದು ಬಂದು, ಯಾರನ್ನೂ ಕೇಳದೆ ಸಿಮೆಂಟಿನ ಅಂಗಳ ಒಡೆಯತೊಡಗಿದರು. ಧಣಿಗಳು ಹೊರಗೆ ಬಂದು ಜಗಲಿಯ ಕಂಬ ಹಿಡಿದು ನಿಂತರು.

"ನಿನಗೆ ಪರ್ಮಿಟ್ ಇಲ್ಲ ಹಸನಬ್ಬ."

"ಗುಂಡಿ ತೋಡ್ಲಿಕ್ಕೆ ಪರ್ಮಿಟ್ ಬೇಡ ಧಣಿಗಳೇ."

ಧಣಿಗಳು ಒಳಗೆ ಹೋದರು. ಎರಡು ದಿನ ಹಸನಬ್ಬ ಒಬ್ಬರೇ ತೋಡಿದರು. ನಾಲ್ಕಡಿ ಹೋಗುವಾಗ ಒದ್ದೆ ಮಣ್ಣು ಬಂತು. ಆಳೆತ್ತರ ತೋಡಿ, ಅದರೊಳಗೆ ಇದ್ದಿಲು, ಉಪ್ಪು ಪದರ ಪದರವಾಗಿ ಹಾಕಿ, ತಗಡು ನಿಲ್ಲಿಸಿ ಮಣ್ಣು ಮುಚ್ಚಿ, ಕಾಲಲ್ಲಿ ಮೆಟ್ಟಿ ಗಟ್ಟಿ ಮಾಡಿದರು. ತಂತಿ ಜೋಡಿಸುವುದನ್ನು ಪುತ್ತೂರಿನವರಿಗೆ ಬಿಟ್ಟು ಹೋದರು. ಆ ಎರಡು ದಿನ ನಾನು ಮೇಜು ಬಿಟ್ಟು ಏಳಲಿಲ್ಲ. ಕುಡಿಯಲು ನೀರು ಕೊಟ್ಟವರು ಹೆಂಗಸರು.

ಆಮೇಲೆ ಹಸನಬ್ಬ ಕಡಬದ ಪೇಟೆಯಲ್ಲಿ ಒಂದು ಗೂಡಿನಂಥ ಜಾಗದಲ್ಲಿ ಟಾರ್ಚು, ಸ್ಟವ್, ಪೆಟ್ರೋಮ್ಯಾಕ್ಸ್ ರಿಪೇರಿಗೆ ಕೂತರು ಎಂದು ಕೇಳಿದೆ. ಕಡಬಕ್ಕೆ ಹೋಗುವ ಕೆಲಸ ನನಗೆ ಎಷ್ಟೋ ಸಲ ಬರುತ್ತಿತ್ತು. ಆ ಬೀದಿ ತಪ್ಪಿಸಿ ನಡೆಯುತ್ತಿದ್ದೆ. ಎರಡು ವರ್ಷ ಕಳೆದ ಮೇಲೆ, ಅವರಿಗೆ ಮೈ ಸರಿಯಿಲ್ಲ ಎಂದು ತಿಳಿದು ಒಂದು ಸಂತೆಯ ದಿನ ಹೋದೆ. ಎದೆಯ ಕಾಯಿಲೆ. ಭುಜದ ಮೂಳೆ ಅಂಗಿಯೊಳಗಿಂದ ಎದ್ದು ಕಾಣುತ್ತಿತ್ತು. ಒಬ್ಬರ ಟಾರ್ಚಿನ ಸ್ಪ್ರಿಂಗನ್ನು ಸಣ್ಣ ಇಕ್ಕಳದಲ್ಲಿ ಹಿಡಿದು ಬಗ್ಗಿಸುತ್ತಿದ್ದರು.

"ಬನ್ನಿ ರೈಟ್ರೆ, ಕೂತ್ಕೊಳ್ಳಿ," ಎಂದು ಸ್ಟೂಲು ಒರೆಸಿ ಕೊಟ್ಟರು.

ನಾನು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದದ್ದನ್ನೆಲ್ಲ ಹೇಳಿದೆ. ಪುತ್ತೂರಿಗೆ ಕಾಗದ ಕೊಂಡುಹೋದದ್ದು ನಾನು. ಬೇಲಿ ಕಿತ್ತಾಗ ಸುಮ್ಮನಿದ್ದವನು ನಾನು. ಇನ್‌ಸ್ಪೆಕ್ಟರ ಎದುರು ಅರ್ಧ ಮಾತಾಡಿದವನು ನಾನು. ಅವರು ಸ್ಪ್ರಿಂಗು ಬಗ್ಗಿಸುವುದನ್ನು ನಿಲ್ಲಿಸಲಿಲ್ಲ. ಟಾರ್ಚಿಗೆ ಮುಚ್ಚಳ ಹಾಕಿ, ಹೊತ್ತಿಸಿ, ಆರಿಸಿ, ಮತ್ತೆ ಹೊತ್ತಿಸಿ ನೋಡಿ ಕೆಳಗಿಟ್ಟರು.

"ನೀವು ಹೇಳ್ಬೇಕಿತ್ತು ರೈಟ್ರೆ," ಎಂದರು. ಬೈಗುಳದ ಸ್ವರ ಅಲ್ಲ.

"ಹೌದು."

"ಈಗ ನನ್ನ ಹತ್ತಿರ ಹೇಳಿ ಎಂತ ಪ್ರಯೋಜನ? ನನಗೆ ಗೊತ್ತುಂಟಲ್ಲ. ಗೊತ್ತಿಲ್ಲದವರಿಗೆ ಹೇಳಿ."

ಅಂಗಾರನ ಮನೆ ಮಿಲ್ಲಿನಿಂದ ಅರ್ಧ ಮೈಲಿ, ಗುಡ್ಡೆಯ ಆಚೆ. ಎರಡು ವರ್ಷದಲ್ಲಿ ನಾನು ಆ ಕಡೆ ಹೋಗಿರಲಿಲ್ಲ. ಮರುದಿನ ಮಧ್ಯಾಹ್ನ ಹೋದೆ. ಅವನು ಅಂಗಳದಲ್ಲಿ ಬುಟ್ಟಿ ಹೆಣೆಯುತ್ತಿದ್ದ. ನಾನು ನಿಂತುಕೊಂಡೇ ಎಲ್ಲ ಹೇಳಿದೆ. ಬಾಗಿಯದೇನೂ ತಪ್ಪಿಲ್ಲ, ಅವಳು ಸ್ವಿಚ್ಚು ಮುಟ್ಟಿರಲಿಲ್ಲ, ಹಸನಬ್ಬ ರುಜು ಹಾಕದೆ ಹೋದದ್ದು ಅವಳಂಥವರಿಗಾಗಿಯೇ ಎಂದೆ. ಅವನ ಕೈ ನಿಂತಿತು.

"ಬ್ಯಾರಿಗಳು ಹಾಗೆ ಹೇಳ್ಲಿಲ್ಲ," ಎಂದ. "ಬಾಗಿ ಹೋದ ಮೂರನೇ ದಿನ ಇಲ್ಲಿಗೆ ಬಂದಿದ್ರು. ನೀವು ನಿಂತ ಜಾಗದಲ್ಲೇ ನಿಂತು, ತಪ್ಪು ನನ್ನದು ಹೇಳಿದ್ರು. ಈ ಮೋಟಾರು ಕೊಲ್ತದೆ ಎಂದು ನನಗೆ ಗೊತ್ತಿತ್ತು, ಫ್ಯೂಸು ಕಿತ್ತು ಹೊಳೆಗೆ ಹಾಕ್ಬೇಕಿತ್ತು, ಹಾಕ್ಲಿಲ್ಲ ಹೇಳಿದ್ರು. ನಿಮ್ಮ ಹೆಸರು, ಧಣಿಗಳ ಹೆಸರು ಎಂತದೂ ಹೇಳ್ಲಿಲ್ಲ."

ಕೈಯಲ್ಲಿದ್ದ ಬಳ್ಳಿಯನ್ನು ಕೆಳಗಿಟ್ಟ.

"ನಾನು ಅವರಿಗೆ ಹೊಡೆದೆ ರೈಟ್ರೆ. ಕೆನ್ನೆಗೆ ಎರಡು ಸಲ. ಅವರು ತಡೀಲಿಲ್ಲ. ಟೊಪ್ಪಿ ಬಿದ್ದದ್ದನ್ನು ಹೆಕ್ಕಿಕೊಂಡು ಹೋದ್ರು."

ಆಮೇಲೆ ಕೇಳಿದ, "ಇದನ್ನು ಇನ್‌ಸ್ಪೆಕ್ಟರಿಗೆ ಹೇಳಿದ್ದೀರಾ?"

ಇಲ್ಲ ಎಂದೆ. ಆ ವಾರವೇ ಮಂಗಳೂರಿಗೆ ಒಂದು ಕಾಗದ ಬರೆದೆ. ನಡೆದದ್ದನ್ನೆಲ್ಲ ಒಂದೂ ಬಿಡದೆ ಬರೆದೆ. ಕೆಳಗೆ ನನ್ನ ಹೆಸರು ಹಾಕಲಿಲ್ಲ. ಹೆಸರಿಲ್ಲದ ಕಾಗದಕ್ಕೆ ಉತ್ತರ ಎಲ್ಲಿಗೆ ಬರಬೇಕು?

ಮುಂದಿನ ಸಂತೆಯ ದಿನ ಅಂಗಾರನೂ ನಾನೂ ಒಟ್ಟಿಗೆ ಕಡಬಕ್ಕೆ ಹೋದೆವು. ಅಂಗಡಿ ಮುಚ್ಚಿತ್ತು. ಮನೆಗೆ ಹೋದೆವು. ಹಸನಬ್ಬ ಮಂಚದಲ್ಲಿ ಗೋಡೆಗೆ ಒರಗಿ ಕೂತಿದ್ದರು. ಅಂಗಾರ ಬಾಗಿಲ ಹೊರಗೇ ನಿಂತ. ದಾರಿಯಲ್ಲಿ ಏನು ಹೇಳಬೇಕೆಂದು ನನ್ನ ಹತ್ತಿರ ಎರಡು ಸಲ ಕೇಳಿದ್ದ.

ಹಸನಬ್ಬ ಅವನನ್ನು ಗುರುತು ಹಿಡಿದರು. "ಒಳಗೆ ಬಾ. ಮಗಳು ಹೇಗಿದ್ದಾಳೆ?"

"ಶಾಲೆಗೆ ಹೋಗ್ತಾಳೆ."

"ಎಷ್ಟನೇ?"

"ಒಂದನೇ."

"ಬರೀತಾಳಾ?"

"ಬಾಗಿಯ ಹೆಸರು ಬರೀತಾಳೆ."

ಹಸನಬ್ಬ ತಲೆ ಅಲ್ಲಾಡಿಸಿ ಕಣ್ಣು ಮುಚ್ಚಿದರು. ಬೀಪಾತುಮ್ಮ ಮೂರು ಗ್ಲಾಸು ಚಾ ತಂದಿಟ್ಟರು. ಅಂಗಾರ ಗ್ಲಾಸನ್ನು ಎರಡೂ ಕೈಯಲ್ಲಿ ಹಿಡಿದು, ಕುಡಿಯದೆ, ತಣ್ಣಗಾಗುವವರೆಗೆ ಕೂತಿದ್ದ. ಹೊರಡುವಾಗ ಅವನು ಮಂಚದ ಹತ್ತಿರ ಹೋಗಿ ಬಗ್ಗಿದ. ಹಸನಬ್ಬ ಅವನ ಭುಜ ಹಿಡಿದು ತಡೆದು, "ಸಾಕು, ಹೋಗು, ಬಸ್ಸು ತಪ್ತದೆ," ಎಂದರು. ನಾನು ಅವರನ್ನು ನೋಡಿದ್ದು ಅದೇ ಕೊನೆ.

ಆ ಮಳೆಗಾಲ ಮುಗಿಯುವ ಮೊದಲೇ ತೀರಿಕೊಂಡರು. ಕಡಬದಿಂದ ಬೆಳಿಗ್ಗೆ ಬಂದ ಬಸ್ಸಿನ ಕಂಡಕ್ಟರು ಮಿಲ್ಲಿನ ಹತ್ತಿರ ಇಳಿದು ಸುದ್ದಿ ಹೇಳಿದ. ಮಧ್ಯಾಹ್ನದ ನಮಾಜಿನ ಮೇಲೆ ಮಣ್ಣು ಮಾಡುವುದೆಂದ. ಸಮಯವಿತ್ತು, ಹೋಗಲು ಬಸ್ಸೂ ಇತ್ತು. ಧಣಿಗಳು ಒಳಗೆ ಕೂತಿದ್ದರು. ರಜೆ ಕೇಳಬೇಕಾದರೆ ಯಾತಕ್ಕೆಂದು ಹೇಳಬೇಕಾಗಿತ್ತು.

ಅಂಗಾರ ಹೋಗಿದ್ದ. ಎರಡು ದಿನ ಕಳೆದು ಮಿಲ್ಲಿನ ಬಾಗಿಲಿಗೆ ಬಂದು, ನನ್ನನ್ನು ಹೊರಗೆ ಕರೆದು ಹೇಳಿದ. ಖಬರಸ್ತಾನದ ಗೋಡೆಯ ಹೊರಗೆ ನಿಂತಿದ್ದನಂತೆ. ಬೀಪಾತುಮ್ಮನ ತಮ್ಮ ಕೈ ಹಿಡಿದು ಒಳಗೆ ಕರೆದುಕೊಂಡು ಹೋದನಂತೆ.

"ಎಲ್ಲರೂ ಮಣ್ಣು ಹಾಕಿದ್ರು. ನಾನೂ ಹಾಕಿದೆ. ಯಾರೂ ಬೇಡ ಹೇಳ್ಲಿಲ್ಲ," ಎಂದ.

ಹೊರಡಲು ತಿರುಗಿದವನು, "ನಿಮ್ಮನ್ನು ಹುಡುಕಿದೆ," ಎಂದ.

ನಾನು ಇಲ್ಲೇ ಇದ್ದೆ ಎಂದೆ.